ಫಿರಂಗಿ ಎಳೆದ ಎತ್ತುಗಳು

ಪ್ರಶ್ನೆ: ಮಗಳು ಇತಿಹಾಸ ಎಂ.ಎ. ಓದುತ್ತಿದ್ದಾಳೆ, ಮುಂದೆ ಯುದ್ಧಗಳ ಮೇಲೆ ಸಂಶೋಧನೆ ಮಾಡುತ್ತಾಳಂತೆ. ಗೆದ್ದವರು ಯಾರು, ಸೋತವರು ಯಾರು ಅನ್ನೋದು ಗೊತ್ತಿರುವುದೇ. ಇನ್ನು ಪ್ರೊಫೆಸರುಗಳು ಹುಡುಕುವುದೇನು?
– ಓದುಗರೊಬ್ಬರು, ಭೀಮನಬೀಡು

ಉತ್ತರ: ಮೊದಲು ಎತ್ತುಗಳನ್ನು ಹುಡುಕುತ್ತಾರೆ ಸ್ವಾಮಿ. ಆಮೇಲೆ ಮೇವು, ನೀರು, ದಾರಿ.

ನಿಮ್ಮ ಸೀಮೆಯದನ್ನೇ ಹೇಳುತ್ತೇನೆ. 1790ರ ಸೆಪ್ಟೆಂಬರ್, ಮೂರನೇ ಮೈಸೂರು ಯುದ್ಧ. ಇಂಗ್ಲಿಷರ ಕರ್ನಲ್ ಫ್ಲಾಯ್ಡ್ ಸತ್ಯಮಂಗಲದಲ್ಲಿ ಬೀಡುಬಿಟ್ಟಿದ್ದ. ಟಿಪ್ಪು ಗಜ್ಜಲಹಟ್ಟಿ ಕಣಿವೆಯಲ್ಲಿ ಘಟ್ಟ ಇಳಿದು ಅವನ ಮೇಲೆ ಬಿದ್ದ. ಪಠ್ಯಪುಸ್ತಕಕ್ಕೆ ಇಷ್ಟು ಸಾಕು. ಆದರೆ ಫಿರಂಗಿಗಳು ಘಟ್ಟ ಇಳಿದದ್ದು ಹೇಗೆ? ಗಾಡಿ ಹೊಡೆದವರಿಗೆ ಗೊತ್ತು, ಇಳಿಜಾರಿನಲ್ಲಿ ಎತ್ತಿನ ಕೆಲಸ ಎಳೆಯುವುದಲ್ಲ, ತಡೆಯುವುದು. ನೊಗ ಸರಿದು ಕೊಂಬಿನ ಬುಡಕ್ಕೆ ಒತ್ತುತ್ತದೆ, ಹಿಂದಿನ ಭಾರವೆಲ್ಲ ಕತ್ತಿನ ಮೇಲೆ. ಕೆಳಗೆ ನಡೆದ ಕಾಳಗದಲ್ಲಿ ಫ್ಲಾಯ್ಡನ ಫಿರಂಗಿ ಎಳೆಯುವ ಎತ್ತುಗಳು ಗುಂಡಿಗೆ ಸತ್ತವು. ಹಿಮ್ಮೆಟ್ಟುವಾಗ ಆತ ಕೆಲವು ಫಿರಂಗಿಗಳನ್ನು ಅಲ್ಲೇ ಬಿಟ್ಟು ನಡೆಯಬೇಕಾಯಿತು. ಎತ್ತಿಲ್ಲದ ಮೇಲೆ ಫಿರಂಗಿ ಬರಿಯ ಲೋಹದ ಕೊಳವೆ.

ಮೈಸೂರಿನವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಊರೂರಲ್ಲಿ ಕಾವಲುಗಳನ್ನು ಮೀಸಲಿಟ್ಟು ದಂಡಿಗೆಂದೇ ದನ ಸಾಕಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹಿಂಡುಗಳು ಇಂಗ್ಲಿಷರ ಕೈಗೆ ಹೋದವು. 1803ರಲ್ಲಿ ಮರಾಠರ ಮೇಲೆ ಹೊರಟ ಆರ್ಥರ್ ವೆಲ್ಲೆಸ್ಲಿಯ ದಂಡಿನಲ್ಲಿದ್ದದ್ದು ಮೈಸೂರಿನ ಎತ್ತುಗಳೇ. ಈ ಮಾತು ಬರೆಯುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದೆಲ್ಲ ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಕಂಪನಿಯ ಕಡೆಯಿಂದ ಬರೆದ. ಹೈದರ್ ಮತ್ತು ಟಿಪ್ಪುವಿನ ಬಳಿ ಸೇವೆಯಲ್ಲಿದ್ದ ಕಿರ್ಮಾನಿ ಪಾರ್ಸಿಯಲ್ಲಿ ಬರೆದ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಲಿಸುತ್ತಿದ್ದ ಪ್ರೊ. ಬಿ. ಷೇಕ್ ಅಲಿಯವರು ಹೈದರ್, ಟಿಪ್ಪುವಿನ ಮೇಲೆ ಬರೆದ ಗ್ರಂಥಗಳನ್ನು ಮಗಳು ಓದಲೇಬೇಕು. ಇನ್ನೂ ಹಿಂದಕ್ಕೆ ಹೋಗುವ ಮನಸ್ಸಿದ್ದರೆ ವೀರಗಲ್ಲುಗಳಿವೆ. ತುರುಗೋಳಿನಲ್ಲಿ, ಅಂದರೆ ದನ ಹಿಡಿಯುವ ಕಾಳಗದಲ್ಲಿ ಸತ್ತವರ ಕಲ್ಲುಗಳೇ ಎಷ್ಟೋ. ಅಲ್ಲೂ ದನವೇ ನೋಡಿ. ನಿಮ್ಮ ಗುಂಡ್ಲುಪೇಟೆ ತಾಲೂಕಿನ ಶಾಸನಗಳು 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಶಾಸನ ಸಂಪುಟಗಳಲ್ಲಿ 1898ರಷ್ಟು ಹಿಂದೆಯೇ ಅಚ್ಚಾಗಿವೆ.

ರಜೆಗೆ ಬಂದಾಗ ಊರಿನಲ್ಲಿ ಗಾಡಿ ಹೊಡೆದ ಹಿರಿಯರ ಹತ್ತಿರ ಅವಳನ್ನು ಕೂರಿಸಿ. ಭಾರ ಹೊತ್ತ ಜೋಡಿ ದಿನಕ್ಕೆ ಎಷ್ಟು ದೂರ ನಡೆಯುತ್ತಿತ್ತು, ಎಷ್ಟು ಮೇವು ಬೇಕಿತ್ತು, ಎಲ್ಲಿ ನೀರು ಕುಡಿಸುತ್ತಿದ್ದರು, ಎಲ್ಲವನ್ನೂ ಕೇಳಿ ಬರೆದುಕೊಳ್ಳಲಿ.