ಬಸುರಿಯ ಸೊಂಟಕ್ಕೆ ಯಾರ ಕೈ?

ಆರು ತಿಂಗಳು ತುಂಬಿದ ಮೇಲೆ ಸೊಂಟ ಹಿಡಿದುಕೊಂಡು ಏಳುವ ಬಸುರಿಗೆ ಮನೆಯವರ ಸಮಾಧಾನ ಒಂದೇ: 'ಎಲ್ಲರಿಗೂ ಆಗೋದೇ ಬಿಡು.' ಆಗುವುದು ನಿಜ, ಆದರೆ ಹಲ್ಲು ಕಚ್ಚಿ ಸಹಿಸಲೇಬೇಕೆಂದೇನಿಲ್ಲ. ಸ್ನಾಯು, ಕೀಲುಗಳನ್ನು ಕೈಯಿಂದಲೇ ಸಡಿಲಿಸುವ ಆಸ್ಟಿಯೋಪಥಿ ಚಿಕಿತ್ಸೆ ಕೆಲವರಿಗೆ ಹಿತ ಕೊಡುತ್ತದೆ. ಹೋಗುವ ಮುನ್ನ ಇಷ್ಟು ತಿಳಿದಿರಲಿ.

1. ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮಾಸು ಕೆಳಗಿದ್ದರೆ, ರಕ್ತ ಕಾಣಿಸಿಕೊಂಡಿದ್ದರೆ, ಬಿಪಿ ಏರಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯ ಸೂಚನೆ ಇದ್ದರೆ ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಬೆನ್ನು ಕೊಡಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋದಾಗಲೇ ಇದನ್ನೂ ಕೇಳಿಬಿಡಿ.

2. ನೋವು ಯಾವಾಗ ಬರುತ್ತದೆಂದು ಗಮನಿಸಿ. ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಚೂಡಿದಾರದ ಪ್ಯಾಂಟು ಹಾಕಿಕೊಳ್ಳುವಾಗ ಚುಳ್ಳೆಂದರೆ ಅದು ಬಹುಮಟ್ಟಿಗೆ ಸೊಂಟದ ಕೆಳಗಿನ, ಕಟಿಯ ಕೀಲುಗಳ ನೋವು. ಇಷ್ಟು ವಿವರವಾಗಿ ಹೇಳಿದರೆ ಚಿಕಿತ್ಸಕರ ಅರ್ಧ ಕೆಲಸ ಮುಗಿಯಿತು.

3. ಚಿಕಿತ್ಸಕರು ಏನು ಓದಿದ್ದಾರೆಂದು ಕೇಳಲು ಸಂಕೋಚ ಬೇಡ. 1874ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಈ ಪದ್ಧತಿ ಆರಂಭಿಸಿದ ಅಮೆರಿಕದಲ್ಲಿ ಆಸ್ಟಿಯೋಪಥಿ ಓದಿದವರು ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ನಿನಲ್ಲಿ ಇದಕ್ಕೆಂದೇ 1993ರ ಕಾಯ್ದೆ ಇದೆ. ನಮ್ಮಲ್ಲಿ ಬೋರ್ಡ್ ನೋಡಿ ನಂಬುವಂತಿಲ್ಲ. ಫಿಸಿಯೊಥೆರಪಿ ಪದವಿ ಇದೆಯೇ, ಗರ್ಭಿಣಿಯರನ್ನು ನೋಡಿದ ಅನುಭವ ಇದೆಯೇ ಎಂದು ಕೇಳಿ. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟು ಗೋಡೆಗೆ ಚೆಂದ, ಅಷ್ಟೆ.

4. 'ಲಟಕ್' ಸದ್ದಿಗೆ ಮರುಳಾಗಬೇಡಿ. ರೀಲ್ಸ್‌ನಲ್ಲಿ ಕೇಳುವ ಆ ಸದ್ದು ಕೀಲಿನ ದ್ರವದಲ್ಲಿನ ಅನಿಲದ್ದು; ಜಾರಿದ ಮೂಳೆ ಕೂತಿದ್ದಲ್ಲ. ಬಸುರಿಯ ಕತ್ತನ್ನು ಜರ್ಕ್ ಕೊಟ್ಟು ತಿರುಗಿಸುವುದು, ಹೊಟ್ಟೆ ಒತ್ತುವುದು, ಮೀನಖಂಡ ಜೋರಾಗಿ ತಿಕ್ಕುವುದು ಬೇಡವೇ ಬೇಡ. ಬಸುರಿನಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಳ್ಳೆಯ ಚಿಕಿತ್ಸಕರು ಮಗ್ಗುಲಾಗಿ ಮಲಗಿಸಿ, ಮೊಣಕಾಲ ನಡುವೆ ದಿಂಬಿಟ್ಟು, ಹಗುರವಾಗಿ ಕೈಯಾಡಿಸುತ್ತಾರೆ. ತುಂಬ ಹೊತ್ತು ಅಂಗಾತ ಮಲಗಿಸಿದರೆ, ತಲೆ ಸುತ್ತಿದರೆ, ಬಾಯಿಬಿಟ್ಟು ಹೇಳಿ, ಎಡಕ್ಕೆ ಹೊರಳಿ.

5. ಪವಾಡ ಬಯಸಬೇಡಿ. ಟೆಕ್ಸಸ್‌ನಲ್ಲಿ 400 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಬರೀ ಮಾಮೂಲಿ ತಪಾಸಣೆ ಪಡೆದವರಿಗಿಂತ ಕೈಚಿಕಿತ್ಸೆ ಪಡೆದವರ ನೋವು ಅಷ್ಟಾಗಿ ಉಲ್ಬಣಿಸಲಿಲ್ಲ. ತಮಾಷೆಯೆಂದರೆ, ತೋರಿಕೆಗೆ ಅಲ್ಟ್ರಾಸೌಂಡ್ ಯಂತ್ರ ಆಡಿಸಿಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ! ಹಾಗಾಗಿ 'ನಾರ್ಮಲ್ ಡೆಲಿವರಿ ಗ್ಯಾರಂಟಿ', 'ಅಡ್ಡ ಮಗು ತಿರುಗಿಸಿಕೊಡುತ್ತೇವೆ' ಎನ್ನುವ ಕಡೆ ಕೂರಬೇಡಿ, ಎದ್ದು ಬನ್ನಿ. ಹತ್ತು ಸಿಟ್ಟಿಂಗ್‌ಗೆ ಮುಂಗಡವನ್ನೂ ಕಟ್ಟಬೇಡಿ.

6. ಉಳಿದ ಹೊತ್ತಿನ ಕೆಲಸ ನಿಮ್ಮದು. ಏಳುವಾಗ ಮೊದಲು ಮಗ್ಗುಲಾಗಿ, ಕೈ ಊರಿ ಏಳಿ. ತುಂಬಿದ ಬಿಂದಿಗೆ ಸೊಂಟಕ್ಕೇರಿಸುವುದು ಸದ್ಯಕ್ಕೆ ಬೇರೆಯವರ ಪಾಲಿಗಿರಲಿ. ಡಾಕ್ಟರು ಬೇಡವೆನ್ನದಿದ್ದರೆ ವಾರಕ್ಕೆ 150 ನಿಮಿಷ ನಡೆಯಿರಿ.

7. ಮೆಡಿಕಲ್ ಶಾಪಿನಿಂದ ನೀವೇ ನೋವಿನ ಮಾತ್ರೆ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು 20 ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು.

8. ರಕ್ತ ಅಥವಾ ನೀರು ಹೋಗುವುದು, ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಕಣ್ಣು ಮಂಜಾಗುವಷ್ಟು ತಲೆನೋವು, ಒಂದೇ ಕಾಲು ಊದಿ ನೋಯುವುದು, ಮೂತ್ರ ಕಟ್ಟುವುದು: ಇವುಗಳಲ್ಲಿ ಒಂದು ಕಂಡರೂ ಥೆರಪಿಸ್ಟರ ಅಪಾಯಿಂಟ್‌ಮೆಂಟ್ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲವೆಂದರೆ 108ಕ್ಕೆ ಫೋನ್ ಮಾಡಿ.