ಸೊಪ್ಪಿನಲ್ಲಡಗಿದ ನೀರು

ಗ್ರೀಸ್ ದೇಶದಲ್ಲಿ ‘ಸ್ಪಾನಕೋರಿಜೊ’ ಎಂಬ ಸರಳವಾದ ಅಡುಗೆಯೊಂದುಂಟು. ‘ಸ್ಪನಾಕಿ’ ಎಂದರೆ ಪಾಲಕ್ ಸೊಪ್ಪು. ‘ರೀಜಿ’ ಎಂದರೆ ಅಕ್ಕಿ. ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಮಾಂಸ, ಹಾಲು, ಮೊಟ್ಟೆಗಳನ್ನು ವರ್ಜಿಸುವುದರಿಂದ ಆಗ ಇದಕ್ಕೆ ವಿಶೇಷ ಪ್ರಾಶಸ್ತ್ಯ. ಬೇಕಾದ ಸಾಮಗ್ರಿ ಸ್ವಲ್ಪವೇ: 200 ಗ್ರಾಂ ಗುಂಡು ಅಕ್ಕಿ, 500 ಗ್ರಾಂ ಪಾಲಕ್, ಈರುಳ್ಳಿ, ಆಲಿವ್ ಎಣ್ಣೆ, ಉಪ್ಪು, ನಿಂಬೆಹಣ್ಣು ಮತ್ತು ನಮಗೂ ಚಿರಪರಿಚಿತವಾದ ಸಬ್ಬಸಿಗೆ ಸೊಪ್ಪು.

ನಾನು ಮೊದಲ ಸಲ ಇದನ್ನು ಮಾಡಿದಾಗ, ಅನ್ನಕ್ಕೆ ಇಡುವ ರೂಢಿಯಂತೆ ಒಂದು ಬಟ್ಟಲು ಅಕ್ಕಿಗೆ ಮೂರು ಬಟ್ಟಲು ನೀರು ಸುರಿದೆನು. ಆದದ್ದು ಹಸಿರು ಗಂಜಿ! ಮುಚ್ಚಳ ತೆಗೆದು ಉರಿ ಹೆಚ್ಚಿಸಿದರೆ ನೀರು ಬತ್ತೀತೆಂದು ಬಗೆದೆನು. ನೀರು ಬತ್ತುವಷ್ಟರಲ್ಲಿ ಅಕ್ಕಿ ಒಡೆದು ಮುದ್ದೆಯಾಗಿತ್ತು, ಸೊಪ್ಪು ಕಂದಿತ್ತು. ಭೌತಶಾಸ್ತ್ರವನ್ನು ಬೋಧಿಸುವವನಿಗೆ ಇದು ಭೂಷಣವಲ್ಲ.

ತಪ್ಪೆಲ್ಲಿ? ಪಾಲಕ್ ಸೊಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 91 ಪಾಲು ನೀರು. ಎಂದರೆ ಅರ್ಧ ಕಿಲೋಗ್ರಾಂ ಸೊಪ್ಪಿನಲ್ಲಿ 455 ಗ್ರಾಂ ನೀರು ಅಡಗಿದೆ. ಹಸಿ ಎಲೆ ಬಿಗಿಯಾಗಿ ನಿಲ್ಲುವುದು ಜೀವಕೋಶಗಳೊಳಗಿನ ಈ ನೀರಿನ ಒತ್ತಡದಿಂದಲೇ. ಕಾವು ತಗಲಿದೊಡನೆ ಕೋಶಪೊರೆಗಳು ಹಾಳಾಗಿ, ನೀರಿನ ಬಹುಪಾಲು ಹೊರಕ್ಕೆ ಸೋರುತ್ತದೆ. ಪಾತ್ರೆ ತುಂಬಿದ್ದ ಸೊಪ್ಪು ಒಂದು ಹಿಡಿಯಾಗುತ್ತದೆ.

ಹೆಚ್ಚಾದ ನೀರನ್ನು ಹೊರಗಟ್ಟುವುದಾದರೂ ಸುಲಭವೇ? ಲೆಕ್ಕ ನೋಡೋಣ. 100 ಗ್ರಾಂ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಕಾಯಿಸಲು 7,500 ಕ್ಯಾಲೊರಿ ಉಷ್ಣ ಸಾಕು. ಅದನ್ನೇ ಹಬೆಯಾಗಿಸಲು, ಗುಪ್ತೋಷ್ಣವು ಗ್ರಾಮಿಗೆ 540 ಕ್ಯಾಲೊರಿಯಾದ್ದರಿಂದ, 54,000 ಕ್ಯಾಲೊರಿ ಬೇಕು: ಏಳು ಪಟ್ಟಿಗಿಂತ ಹೆಚ್ಚು! ಅಕ್ಕಿಯ ಪಿಷ್ಟವಾದರೋ ಸುಮಾರು 70 ಡಿಗ್ರಿಯಲ್ಲಿಯೇ ನೀರು ಹೀರಿ ಉಬ್ಬತೊಡಗುತ್ತದೆ. ನಮ್ಮ ಲೆಕ್ಕ ಮುಗಿಯುವವರೆಗೆ ಅದು ಕಾಯುವುದಿಲ್ಲ.

ಆದ್ದರಿಂದ ನೀರನ್ನು ಮೊದಲೇ ಅಳೆಯಬೇಕು. ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಹೆಚ್ಚಿದ ಪಾಲಕನ್ನೂ ಉಪ್ಪನ್ನೂ ಹಾಕಿ, ಸೊಪ್ಪು ಕುಗ್ಗಿದ ಮೇಲೆ ಸೋರಿದ ರಸವನ್ನು ಬಟ್ಟಲಿಗೆ ಬಸಿದುಕೊಳ್ಳಿರಿ. ಅದಕ್ಕೆ ಬಿಸಿನೀರು ಬೆರಸಿ ಒಟ್ಟು ಎರಡು ಬಟ್ಟಲು ಮಾಡಿ, ಒಂದು ಬಟ್ಟಲು ಅಕ್ಕಿಯೊಡನೆ ಪಾತ್ರೆಗೆ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಬೇಯಿಸಿರಿ. ಇಳಿಸಿದ ಮೇಲೆ ಸಬ್ಬಸಿಗೆಯನ್ನು ಬೆರಸಿ, ಮುಚ್ಚಳದಡಿ ಒಣಬಟ್ಟೆ ಹಾಸಿ ಹತ್ತು ನಿಮಿಷ ಬಿಡಿರಿ. ಮುಚ್ಚಳಕ್ಕೆ ತಾಗಿ ತಣಿದ ಹಬೆ ಹನಿಯಾಗಿ ಅನ್ನದ ಮೇಲೆ ಬೀಳದಂತೆ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ.

ನಿಂಬೆರಸಕ್ಕೆ ಅವಸರ ಬೇಡ. ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಂ ಪರಮಾಣುವೊಂದಿದೆ. ಆಮ್ಲವೂ ಕಾವೂ ಕೂಡಿದರೆ ಅದು ಕಳಚಿ, ಆ ಸ್ಥಾನಕ್ಕೆ ಹೈಡ್ರೊಜನ್ ಬರುತ್ತದೆ. ಹಸಿರು ಮಾಸಿ ಕಂದಾಗುತ್ತದೆ. ಗಂಟೆಗಟ್ಟಲೆ ಕುದಿಸಿದಾಗ ಸೊಪ್ಪು ಕಂದುವುದೂ ಹೀಗೆಯೇ. ಆಗ ಆಮ್ಲವನ್ನು ಒದಗಿಸುವುದು ಎಲೆಯೇ. ರಸವನ್ನು ಎಲೆಗೆ ಬಡಿಸಿದ ಮೇಲೆ ಹಿಂಡಿಕೊಂಡರೆ, ಊಟ ಮುಗಿಯುವವರೆಗೂ ಬಣ್ಣ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ.