ಬದಲಾದ ದುಡಿಮೆ, ಬದಲಾಗದ ಹೊಣೆ

ದುಡಿಯುವ ಮನುಷ್ಯನಿಗೆ ತನ್ನ ಕೆಲಸದ ಕ್ರಮ ನಿಧಾನವಾಗಿ ಮೈಗೂಡುತ್ತದೆ. ಇಷ್ಟು ಹೊತ್ತಿಗೆ ಮನೆ ಬಿಡುವುದು, ಇಂತಹ ಜಾಗದಲ್ಲಿ ಕುಳಿತುಕೊಳ್ಳುವುದು, ಇಂತಹ ದಿನ ರಜೆ ಪಡೆಯುವುದು ಎಲ್ಲವೂ ರೂಢಿಯಾಗಿಬಿಡುತ್ತದೆ. 2020ರಲ್ಲಿ ಕೊರೋನಾ ಮಹಾಮಾರಿ ಈ ರೂಢಿಯನ್ನು ಒಮ್ಮೆಲೇ ಮುರಿಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಆದರೆ ಅನೇಕರ ಕೆಲಸದ ಸ್ಥಳ ಹಳೆಯ ರೂಪಕ್ಕೆ ಮರಳಲಿಲ್ಲ. ಕೆಲವರಿಗೆ ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕೆಲಸ, ಕೆಲವರಿಗೆ ಮೊಬೈಲಿನಲ್ಲೇ ಹಾಜರಿ, ಇನ್ನು ಕೆಲವರಿಗೆ ಇಬ್ಬರ ಕೆಲಸ ಒಬ್ಬರ ಹೆಗಲಿಗೆ. ನಿಮ್ಮ ಮನೆಯಲ್ಲೂ ಹೀಗೆ ಒಳಗೊಳಗೇ ಬೇಯುತ್ತಿರುವವರು ಒಬ್ಬರಾದರೂ ಇರಬಹುದು.

ನಮ್ಮ ಕುಟುಂಬಗಳಿಗೆ ಹತ್ತಿರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫಿನ ದುಡಿಮೆಯಿಂದ. ಯು.ಎ.ಇ.ಯಲ್ಲಿ ಶುಕ್ರವಾರ ಮತ್ತು ಶನಿವಾರ ವಾರದ ರಜೆಯಾಗಿತ್ತು. ಅಲ್ಲಿನ ಸರಕಾರ 2022ರ ಜನವರಿ 1ರಿಂದ ತನ್ನ ಕಚೇರಿಗಳಲ್ಲಿ ಇದನ್ನು ಬದಲಿಸಿತು. ಶನಿವಾರ, ಭಾನುವಾರ ರಜೆಯಾಯಿತು. ಶುಕ್ರವಾರ ಮಧ್ಯಾಹ್ನ 12 ಗಂಟೆಯವರೆಗೆ ಕೆಲಸವೆಂದಾಯಿತು. ಜುಮಾ ಖುತ್ಬಾದ ಸಮಯವನ್ನು ಆಗ ದೇಶದಾದ್ಯಂತ ಮಧ್ಯಾಹ್ನ 1.15ಕ್ಕೆ ನಿಗದಿಪಡಿಸಲಾಯಿತು. ಶಾರ್ಜಾ ಮಾತ್ರ ಶುಕ್ರವಾರವನ್ನೂ ಸೇರಿಸಿ ಮೂರು ದಿನಗಳ ರಜೆಯನ್ನು ಆರಿಸಿಕೊಂಡಿತು. ಖಾಸಗಿ ಸಂಸ್ಥೆಗಳು ತಮ್ಮ ವಾರವನ್ನು ತಾವೇ ನಿರ್ಧರಿಸಿಕೊಳ್ಳಲು ಅವಕಾಶವಿತ್ತು.

ಶುಕ್ರವಾರವೂ ಕೆಲಸವೇ ಎಂದು ಕಸಿವಿಸಿಗೊಂಡವರಿದ್ದರು. ಆದರೆ ಸ್ವಲ್ಪ ಯೋಚಿಸಿರಿ. ಶುಕ್ರವಾರ ದಿನವಿಡೀ ದುಡಿಮೆ ನಿಲ್ಲಿಸಬೇಕೆಂದು ಇಸ್ಲಾಮ್ ಆಜ್ಞಾಪಿಸಿಲ್ಲ. ಜುಮಾದ ಕರೆ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಧಾವಿಸಬೇಕು, ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಹರಡಿ ಅನ್ನಾಧಾರವನ್ನು ಅರಸಬಹುದು ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ಇಲ್ಲಿ ಸ್ಥಳ ಬದಲಿಸಿದ್ದು ರಜೆ. ನಮಾಝ್ ತನ್ನ ಸ್ಥಾನದಲ್ಲೇ ಇತ್ತು. ಅಷ್ಟೇ ಅಲ್ಲ, ಭಾನುವಾರ ರಜೆ ಸಿಕ್ಕಿದ ತಂದೆಗೆ ಊರಿನಲ್ಲಿ ಅದೇ ದಿನ ಶಾಲೆಗೆ ರಜೆಯಿರುವ ಮಕ್ಕಳೊಡನೆ ನೆಮ್ಮದಿಯಾಗಿ ಮಾತನಾಡುವ ಅವಕಾಶವೂ ದೊರೆಯಿತು.

ಆದ್ದರಿಂದ ಬದಲಾವಣೆ ಎದುರಾದಾಗ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನನ್ನ ಕೈಯಿಂದ ಜಾರುತ್ತಿರುವುದು ಕರ್ತವ್ಯವೇ ಅಥವಾ ಬರೀ ರೂಢಿಯೇ? ರೂಢಿಯಾದರೆ ಹಸನ್ಮುಖದಿಂದ ಬಿಟ್ಟುಕೊಡಿ. ಕರ್ತವ್ಯವಾದರೆ ಸೌಮ್ಯವಾಗಿ, ಆದರೆ ಸ್ಪಷ್ಟವಾಗಿ ಮಾತನಾಡಿರಿ. ಜುಮಾದ ಹೊತ್ತಿಗೇ ಸಭೆ ಕರೆದಿದ್ದರೆ ಹೇಳದೆ ಎದ್ದು ಹೋಗಬೇಡಿ. ಮುನ್ನಾದಿನವೇ ಮೇಲಧಿಕಾರಿಗೆ ತಿಳಿಸಿ, ಆ ಒಂದು ಗಂಟೆಯ ಕೆಲಸವನ್ನು ಯಾವಾಗ ಮಾಡಿಕೊಡುವಿರೆಂದೂ ಹೇಳಿರಿ. ಹೆಚ್ಚಿನ ಮೇಲಧಿಕಾರಿಗಳು ಇಂತಹ ನೇರ ಮಾತಿಗೆ ಬೆಲೆ ಕೊಡುತ್ತಾರೆ.

ಮಹಾಮಾರಿಯ ನಂತರ ಕೆಲಸವನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾಗಿ ಬಂದ ಮೊದಲ ತಲೆಮಾರು ನಮ್ಮದಲ್ಲ. ಹಿಜರಿ 18ರ ಸುಮಾರಿಗೆ ಸಿರಿಯಾ ಪ್ರದೇಶದಲ್ಲಿ ಅಮ್ವಾಸ್ ಪ್ಲೇಗ್ ಹರಡಿತು. ಅಬೂ ಉಬೈದಾ(ರ), ಮುಆದ್ ಬಿನ್ ಜಬಲ್(ರ)ರಂತಹ ಶ್ರೇಷ್ಠ ಸಹಾಬಿಗಳು ಅದರಲ್ಲಿ ಮರಣ ಹೊಂದಿದರು. ರೋಗವಿದ್ದಾಗ ಖಲೀಫಾ ಉಮರ್(ರ) ಸಮಾಲೋಚನೆ ನಡೆಸಿ, ಸರ್ಗ್ ಎಂಬಲ್ಲಿಂದ ಹಿಂದಿರುಗಿದ್ದರು. ರೋಗ ಇಳಿದ ಮೇಲೆ ಅವರು ಮತ್ತೆ ಅಲ್ಲಿಗೆ ಹೋದರು. ಸತ್ತವರ ಆಸ್ತಿಯನ್ನು ಹಕ್ಕುದಾರರಿಗೆ ಹಂಚಿದರು, ಆಡಳಿತವನ್ನು ಹೊಸದಾಗಿ ವ್ಯವಸ್ಥೆಗೊಳಿಸಿದರು. ಆಪ್ತರನ್ನು ಕಳೆದುಕೊಂಡ ದುಃಖ ಅವರಿಗೂ ಇತ್ತು. ಆದರೂ ಉಳಿದವರ ಹಕ್ಕುಗಳು ಕಾಯುತ್ತಿದ್ದುದರಿಂದ ಅವರು ಸುಮ್ಮನೆ ಕೂರಲಿಲ್ಲ.

ನಮಗೂ ಮೂರು ಹೊಣೆಗಳು ಉಳಿದಿವೆ.

ಮೊದಲನೆಯದು ಅಮಾನತ್. ಮನೆಯಿಂದ ಕೆಲಸ ಮಾಡುವಾಗ ಮೇಲ್ವಿಚಾರಕನ ಕಣ್ಣು ನಿಮ್ಮ ಮೇಲಿರುವುದಿಲ್ಲ. ಲ್ಯಾಪ್‌ಟಾಪ್ ತೆರೆದಿಟ್ಟು ಸಂತೆಗೆ ಹೋಗಿ ಬಂದರೂ ಯಾರಿಗೂ ತಿಳಿಯದು. ಆದರೆ ನೀವು ಮಾರಿರುವುದು ನಿಮ್ಮ ಸಮಯವನ್ನು. ಅಳತೆ ತೂಕದಲ್ಲಿ ಕಡಿತ ಮಾಡುವ ವ್ಯಾಪಾರಿಗಿರುವ ಎಚ್ಚರಿಕೆ ನಿಮಗೂ ಅನ್ವಯಿಸುತ್ತದೆ. ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವು ಇರುವವನಿಗೆ ಬೇರೆ ಕಾವಲುಗಾರ ಬೇಕಾಗಿಲ್ಲ.

ಎರಡನೆಯದು ವಿನಯ. ಇಪ್ಪತ್ತೈದು ವರ್ಷ ಲೆಕ್ಕದ ಪುಸ್ತಕ ಬರೆದ ಹಿರಿಯರೊಬ್ಬರಿಗೆ ಕಂಪ್ಯೂಟರಿನ ಹೊಸ ವಿಧಾನವನ್ನು ನಿನ್ನೆ ಮೊನ್ನೆ ಸೇರಿದ ಹುಡುಗಿಯೊಬ್ಬಳು ಕಲಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ‘ಈ ವಯಸ್ಸಿನಲ್ಲಿ ಇವಳಿಂದ ಕಲಿಯಬೇಕೇ?’ ಎಂದು ಅವರ ಮನಸ್ಸು ಹಿಂದೇಟು ಹಾಕುತ್ತದೆ. ಜ್ಞಾನ ಯಾರ ಬಳಿಯಿದ್ದರೂ ಪಡೆಯುವುದು ನಮ್ಮ ಹಿರಿಯರ ಸಂಪ್ರದಾಯ. ‘ಮಗಳೇ, ಇನ್ನೊಮ್ಮೆ ತೋರಿಸಮ್ಮ’ ಎಂದು ಕೇಳಿದರೆ ಆ ಹಿರಿಯರ ಗೌರವ ಕುಂದುವುದಿಲ್ಲ. ಕೇಳದೆ ತಪ್ಪು ಮಾಡಿ ಇತರರ ಮೇಲೆ ಹೊರಿಸಿದರೆ ಖಂಡಿತ ಕುಂದುತ್ತದೆ. ಕಲಿಸುವ ಕಿರಿಯರೂ ನಗೆಯಾಡದೆ, ಹಿರಿಯರ ಅನುಭವವನ್ನು ಮರೆಯದೆ ಕಲಿಸಬೇಕು.

ಮೂರನೆಯದು ನ್ಯಾಯ. ಇದು ಮಾಲಕರಿಗೆ ಮತ್ತು ಮೇಲಧಿಕಾರಿಗಳಿಗೆ ಹೇಳುವ ಮಾತು. ‘ಕಾಲ ಬದಲಾಗಿದೆ’ ಎಂಬ ಮಾತಿನ ಮರೆಯಲ್ಲಿ ಕೆಲಸಗಾರನ ಕೂಲಿಯನ್ನು ತಡೆಹಿಡಿಯುವುದು, ರಾತ್ರಿ ಹನ್ನೊಂದಕ್ಕೂ ಫೋನ್ ಮಾಡಿ ಕೆಲಸ ಹೇಳುವುದು ಅನ್ಯಾಯ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿತ ಸಮುದಾಯ ನಮ್ಮದು. ಅನ್ಯಾಯವನ್ನು ನುಂಗಿಕೊಂಡಿರುವುದು ಸಹನೆಯೆಂದು ಕೆಲಸಗಾರನೂ ಭಾವಿಸಬೇಕಾಗಿಲ್ಲ. ತನ್ನ ಹಕ್ಕನ್ನು ಸಭ್ಯತೆಯಿಂದ ಕೇಳುವುದು ಸಹನೆಗೆ ವಿರುದ್ಧವಲ್ಲ.

ಮನೆಯವರಿಗೂ ಒಂದು ಮಾತು. ಕೆಲಸದ ಬೇಗುದಿ ಹೆಚ್ಚಾಗಿ ಹೊರಬೀಳುವುದು ಊಟದ ಹೊತ್ತಿನಲ್ಲಿ. ಮಾಡಿಟ್ಟ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಗಂಡ ಗುಡುಗಿದರೆ, ನೋವಿರುವುದು ಉಪ್ಪಿನಲ್ಲಲ್ಲ ಎಂದು ಹೆಂಡತಿ ಅರಿಯಬಹುದು. ಆದರೆ ಆ ಸಿಟ್ಟನ್ನು ಹೊಸ್ತಿಲ ಹೊರಗೇ ಬಿಟ್ಟು ಬರುವ ಹೊಣೆ ಗಂಡನದು. ದುಡಿಯುವ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಕಚೇರಿಯ ಕೆಲಸ ಮಾಡುತ್ತಿದ್ದರೆ, ಅವರು ಬಿಡುವಾಗಿದ್ದಾರೆಂದು ತಿಳಿಯಬೇಡಿ. ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಳ್ಳುವುದು, ಚಹಾ ಮಾಡುವುದು ಮನೆಯ ಇತರರ ಪಾಲಿನ ಕೆಲಸ.

ಅನ್ನ ನೀಡುವವನು ಅಲ್ಲಾಹನು. ಕಚೇರಿ, ಅಂಗಡಿ, ಯಂತ್ರ, ವೇಳಾಪಟ್ಟಿ ಎಲ್ಲವೂ ಅದು ನಮಗೆ ತಲುಪುವ ದಾರಿಗಳು. ದಾರಿ ತಿರುಗಿದಾಗ ನಾವೂ ತಿರುಗಬೇಕಾಗುತ್ತದೆ. ನಾಳೆ ಬೆಳಿಗ್ಗೆ ಬಿಸ್ಮಿಲ್ಲಾ ಹೇಳಿ ಕೆಲಸಕ್ಕೆ ಹೊರಡುವಾಗ, ಇಷ್ಟು ದಿನ ಕಲಿಯಲು ಹಿಂಜರಿದ ಒಂದು ಹೊಸ ವಿಷಯವನ್ನು ಕಲಿತೇ ಬರುವೆನೆಂದು ಸಂಕಲ್ಪ ಮಾಡಿರಿ. ನಮ್ಮೆಲ್ಲರ ದುಡಿಮೆಯಲ್ಲಿ ಅಲ್ಲಾಹನು ಸಮೃದ್ಧಿಯನ್ನು ಕರುಣಿಸಲಿ. ಆಮೀನ್.